ಜೇನುಗಾಡಿಗೆ ದೊಡ್ಡ ಟೈರು

ಬೆಳಿಗ್ಗೆ ಹೊದಿಕೆ ಹಿಂಡುತ್ತಿದ್ದೆ. ಒಂದು ತುದಿ ನನ್ನ ಕೈಯಲ್ಲಿತ್ತು, ಇನ್ನೊಂದು ತುದಿಯನ್ನು ಹಿತ್ತಲ ನಲ್ಲಿಗೆ ಸುತ್ತಿದ್ದೆ. ಇಬ್ಬರು ಹಿಂಡಬೇಕಾದ್ದನ್ನು ಒಬ್ಬಳೇ ಹಿಂಡುವಾಗ ಆ ನಲ್ಲಿಯೇ ನನಗೆ ಜೊತೆ. ಅರ್ಧ ನೀರು ಇಳಿದಿತ್ತೋ ಇಲ್ಲವೋ, ಅಂಗಳದಿಂದ ಇವರ ಕೂಗು ಬಂತು.

"ಲೇ, ಬಾ ಇಲ್ಲಿ. ಟೇಪಿನ ತುದಿ ಸ್ವಲ್ಪ ಹಿಡ್ಕೋ."

ಸ್ವಲ್ಪ ಎಂದರೆ ಎಷ್ಟು ಹೊತ್ತು ಎಂದು ಮದುವೆಯಾದ ಹೊಸದರಲ್ಲಿ ಕೇಳುತ್ತಿದ್ದೆ. ಈಗ ಕೇಳುವುದಿಲ್ಲ. ಹೊದಿಕೆಯನ್ನು ನಲ್ಲಿಗೇ ನೇತುಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋದೆ. ಇವರು ಪಿಕಪ್ಪಿನ ಮುಂದಿನ ಚಕ್ರದ ಪಕ್ಕದಲ್ಲಿ ಅಂಗಾತ ಮಲಗಿದ್ದರು. ಮಡ್‌ಗಾರ್ಡಿನ ಒಳಗೆ ಅರ್ಧ ತಲೆ ಮಾಯವಾಗಿತ್ತು. ನಾನು ಟೇಪಿನ ತುದಿಯನ್ನು ಟೈರಿನ ನೆತ್ತಿಗೆ ಒತ್ತಿ ಹಿಡಿದೆ. ಅವರು ಇನ್ನೊಂದು ತುದಿಯನ್ನು ಮೇಲಕ್ಕೆ ಎಳೆದರು. ಆಮೇಲೆ ಟೇಪಿನ ಮೇಲೆ ನಂಬಿಕೆ ಸಾಲದೆ ತಮ್ಮ ಬೆರಳುಗಳನ್ನೂ ತೂರಿಸಿ ನೋಡಿದರು.

"ಜಾಗ ಬೇಕಾದಷ್ಟಿದೆ. ಮೂವತ್ತಮೂರು ಇಂಚಿಂದು ಕೂತ್ಕೊಳುತ್ತೆ ನೋಡು," ಎಂದರು. ಮಡ್‌ಗಾರ್ಡಿನ ಒಳಗಿಂದ ಬಂದ ಆ ದನಿ ಹೊಸ ಬಟ್ಟೆ ತೊಟ್ಟ ಹುಡುಗನ ದನಿಯಂತಿತ್ತು.

ನಮ್ಮದು ಜೇನಿನ ಕಸುಬು. ಬಯಲಿನಲ್ಲಿ ಸೂರ್ಯಕಾಂತಿ ಅರಳಿದಾಗ ಪೆಟ್ಟಿಗೆಗಳನ್ನು ಅಲ್ಲಿಗೆ ಒಯ್ಯುತ್ತೇವೆ. ಅಲ್ಲಿ ಮುಗಿದರೆ ಗುಡ್ಡದ ಮೇಲೆ ಕಾಡು ಹೂವು ಕಾದಿರುತ್ತದೆ. ಹೂವು ಎಲ್ಲಿಯೋ ನಾವು ಅಲ್ಲಿ. ಗುಡ್ಡದ ದಾರಿಗೆ ದಾರಿ ಎನ್ನುವುದೇ ಹೆಚ್ಚು. ಕಲ್ಲು, ಜಾರು ಮಣ್ಣು, ನಡುವೆ ಅಡ್ಡಕ್ಕೆ ಒಂದು ಹಳ್ಳ. ಒಮ್ಮೆ ಹಳ್ಳದ ನೀರು ಗಾಡಿಯ ಹಿಂಬದಿಗೆ ನುಗ್ಗಿ ತಳದ ಸಾಲಿನ ಪೆಟ್ಟಿಗೆಗಳನ್ನು ನೆನೆಸಿಬಿಟ್ಟಿತು. ಆ ಬಾರಿ ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಆಮೇಲೆ ಮೆಕ್ಯಾನಿಕ್ಕಿನ ಬಳಿ ಹೋಗಿ ಉದ್ದದ ಸ್ಪ್ರಿಂಗ್ ಹಾಕಿಸಿ ಗಾಡಿಯನ್ನೇ ಎತ್ತರಿಸಿಕೊಂಡು ಬಂದರು. ಬಾಗಿಲ ಕೆಳಗಿದ್ದ ಕಾಲಿಡುವ ಪಟ್ಟಿ ಕಲ್ಲಿಗೆ ತಗುಲಿ ಪೆಟ್ಟಿಗೆಗಳು ಅಲುಗುತ್ತವೆ ಎಂದು ಅದನ್ನೂ ಬಿಚ್ಚಿಸಿದರು. ನೆನೆಯಬಾರದು, ಕುಲುಕಬಾರದು, ಬಿಸಿಯಾಗಬಾರದು. ನಮ್ಮ ಮನೆಯಲ್ಲಿ ಗಾಡಿಯ ವಿಚಾರವೆಲ್ಲ ಜೇನುಹುಳುಗಳನ್ನು ಕೇಳಿಯೇ ನಡೆಯುವುದು. ಮನುಷ್ಯರ ಸರದಿ ಆಮೇಲೆ. ಎತ್ತರಿಸಿದ ಗಾಡಿಗೆ ಪೆಟ್ಟಿಗೆ ತುಂಬಲು ಹೋದ ಮೊದಲ ದಿನ ನನ್ನ ಕೈ ಅರ್ಧಕ್ಕೇ ನಿಂತಿತು. "ಗಾಡಿ ಬೆಳೀತು, ನಾನು ಬೆಳೀಲಿಲ್ಲವಲ್ಲ ರೀ," ಎಂದೆ. ಪಾಪ, ಅವರಿಗೆ ಅದು ಹೊಳೆದೇ ಇರಲಿಲ್ಲ. ಅಂದೇ ಸಂಜೆ ಹಲಗೆ ಕೊಯ್ದು ಜಾರುಬಂಡಿಯಂಥದ್ದೊಂದನ್ನು ಮಾಡಿಕೊಟ್ಟರು. ಹೇಳಿದರೆ ಮಾಡುವವರು. ಹೇಳಬೇಕು, ಅಷ್ಟೆ.

ಈಗ ಹಳೆಯ ಟೈರುಗಳು ಬೋಳಾಗಿದ್ದವು. ಹೇಗಿದ್ದರೂ ಹೊಸದು ಹಾಕಿಸಬೇಕು, ಹಾಕಿಸುವಾಗ ದೊಡ್ಡದೇ ಇರಲಿ ಎಂದು ಇವರ ಲೆಕ್ಕಾಚಾರ. ನನ್ನ ಮೈದುನ ಫೋನಿನಲ್ಲೇ ಅದಕ್ಕೆ ಗಾಳಿ ಹಾಕುತ್ತಿದ್ದ. ಆನೆಯ ಕಾಲಿನಂಥ ಟೈರು ಹಾಕಿಸು ಅಣ್ಣ, ಗುಡ್ಡವೇ ಬಗ್ಗಿ ದಾರಿ ಬಿಡುತ್ತದೆ ಎನ್ನುತ್ತಿದ್ದ. ಅವನ ಬಳಿ ಇರುವುದು ಒಂದು ಸೈಕಲ್ಲು.

ಟೇಪು ಸುತ್ತಿಕೊಂಡು ಇವರು ಕಾಫಿಗೆ ಒಳಗೆ ಹೋದರು. ನಾನು ನಲ್ಲಿಯ ಬಳಿಗೆ ಮರಳಿ ಹೊದಿಕೆಯ ಉಳಿದ ನೀರು ಇಳಿಸಿ, ಹಗ್ಗದ ಮೇಲೆ ಹರವುತ್ತಿದ್ದೆ. ಹೊದಿಕೆಯ ಅಂಚಿನ ಆಚೆ ಮಗಳು ಕಂಡಳು. ಗಾಡಿಯ ಬಾಗಿಲು ತೆರೆದು, ಸೀಟಿಗೆ ಬೆನ್ನು ಕೊಟ್ಟು ನಿಂತಿದ್ದಳು. ಅಂಗೈಯನ್ನು ಸೊಂಟದ ಮಟ್ಟಕ್ಕೆ ಚಪ್ಪಟೆಯಾಗಿ ಹಿಡಿದು, ಹಾಗೇ ಹಿಂದಕ್ಕೆ ಒಯ್ದು ಸೀಟಿನ ಅಂಚನ್ನು ಮುಟ್ಟಿದಳು. ಆಮೇಲೆ ಅಂಗೈಯನ್ನು ಒಂದಿಷ್ಟು ಮೇಲಕ್ಕೆ ಸರಿಸಿದಳು, ಇನ್ನೊಂದಿಷ್ಟು ಸರಿಸಿದಳು. ಅಂಗೈಯನ್ನು ಅಲ್ಲೇ ಹಿಡಿದು ನಿಂತಳು.

ಅಪ್ಪ ಅಳೆದದ್ದು ಟೈರಿಗೆ ಜಾಗ ಇದೆಯೇ ಎಂದು. ಮಗಳು ಅಳೆದದ್ದು ತನಗೆ ಜಾಗ ಉಳಿಯುತ್ತದೆಯೇ ಎಂದು.

ಅವಳನ್ನು ನಾವು ಮೇಸ್ತ್ರಿ ಎಂದು ಕರೆಯುತ್ತೇವೆ. ಮಾತು ಬಂದ ದಿನದಿಂದಲೂ ಕೇಳಿದ್ದೇ ಕೇಳಿದ್ದು. ಈ ಮೊಳೆ ಇಲ್ಲೇ ಯಾಕೆ, ರಾಣಿಹುಳುವಿಗೆ ನಿದ್ದೆ ಬರುತ್ತಾ, ನೀನು ಚಿಕ್ಕವಳಿದ್ದಾಗ ನಾನು ಎಲ್ಲಿದ್ದೆ. ಕೆಲಸದವರ ಬೆನ್ನಿಗೆ ಬಿದ್ದ ಮೇಸ್ತ್ರಿಯ ಹಾಗೆ ನಮ್ಮ ಬೆನ್ನಿಗೆ ಬೀಳುತ್ತಿದ್ದಳು. ಹೋದ ಮಳೆಗಾಲದಲ್ಲಿ ಗುಡ್ಡದ ಮೇಲೆ ಪೆಟ್ಟಿಗೆಗಳ ಬಳಿ ಆಡುತ್ತಿದ್ದವಳು ಬಂಡೆಯಿಂದ ಜಾರಿ ಬಿದ್ದಳು. ಮಂಡಿ ಒಡೆಯಿತು, ರಕ್ತ ನಿಲ್ಲಲಿಲ್ಲ. ಕೆಳಗೆ ಹಳ್ಳ ತುಂಬಿ ಹರಿಯುತ್ತಿತ್ತು. ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ನಾನು ಕಣ್ಣು ಮುಚ್ಚಿಕೊಂಡೆ, ಇವರು ಗಾಡಿಯನ್ನು ನೀರಿಗೆ ಇಳಿಸಿದರು. ನೀರು ಬಾಗಿಲಿಗೆ ಬಡಿಯಿತು, ಒಳಗೆ ಬರಲಿಲ್ಲ. ಗಾಡಿ ಒಮ್ಮೆ ತೂಗಾಡಿತು, ಮುಗ್ಗರಿಸಲಿಲ್ಲ. ಬೇಗ ಕರೆತಂದಿರಿ, ಒಳ್ಳೆಯದಾಯಿತು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಇವರು ಗಾಡಿಯ ಬಾನೆಟ್ಟನ್ನು ಹಸುವಿನ ಮೈ ಸವರುವಂತೆ ಸವರುತ್ತಾ ನಿಂತಿದ್ದರು. ನಾನು ಅಡುಗೆಮನೆಯ ಕಿಟಕಿಯಿಂದಲೇ ಆ ಗಾಡಿಗೆ ಕೈ ಮುಗಿದೆ. ಈಗಲೂ ಕಸ ಗುಡಿಸುವಾಗ ಅದರ ಮುಂದೆ ಹಾದರೆ ಒಂದು ಕ್ಷಣ ನಿಲ್ಲುತ್ತೇನೆ.

ಆ ದಿನಗಳಲ್ಲಿ ನೋಡಲು ಬಂದವರಿಗೆಲ್ಲ ನಾವು ಹೇಳಿದ್ದು ಒಂದೇ ಮಾತು. ಗಾಡಿ ಎತ್ತರ ಇದ್ದದ್ದಕ್ಕೆ ಮಗು ಉಳಿಯಿತು. ಹೇಳಿ ಹೇಳಿ ನಮಗೆ ಅದು ಬಾಯಿಪಾಠವಾಯಿತು. ಮಂಚದ ಮೇಲೆ ಮಲಗಿದ್ದವಳಿಗೂ ಆಗಿರಬೇಕು.

ಗಾಯ ಮಾಗಿತು, ಆದರೆ ಮಂಡಿ ಪೂರ್ತಿ ಮಡಚುವುದಿಲ್ಲ. ವ್ಯಾಯಾಮ ಮಾಡುತ್ತಾ ಹೋದರೆ ನಿಧಾನಕ್ಕೆ ಸರಿಹೋಗುತ್ತದಂತೆ. ನನ್ನನ್ನು ಹೆಚ್ಚು ಕಾಡಿದ್ದು ಮಂಡಿಯಲ್ಲ. ಆಸ್ಪತ್ರೆಯಲ್ಲಿ ದೊಡ್ಡವರೆಲ್ಲ ಅವಳ ಮಂಚದ ಮೇಲಿನಿಂದಲೇ ಒಬ್ಬರಿಗೊಬ್ಬರು ಮಾತಾಡಿಕೊಂಡರು. ನೋವಿದೆಯೇ ಎಂದು ನನ್ನನ್ನು ಕೇಳಿದರು, ನಾನೇ ಉತ್ತರ ಕೊಟ್ಟೆ. ಅಲ್ಲಿಂದ ಬಂದ ಮೇಲೆ ನಮ್ಮ ಮೇಸ್ತ್ರಿ ಕೇಳುವುದನ್ನೇ ಬಿಟ್ಟಳು. ಬಾಯಾರಿದರೆ ನನ್ನ ಮುಖ ನೋಡುತ್ತಾಳೆ, ನಾನು ನೀರು ಕೊಡುತ್ತೇನೆ. ಶಾಲೆಯಲ್ಲಿ ಹೊರಗೆ ಹೋಗಬೇಕಾದರೂ ಕೇಳದೆ ಬಿಗಿಹಿಡಿದು ಕೂತಿದ್ದಳಂತೆ, ಟೀಚರು ಹೇಳಿ ಕಳುಹಿಸಿದರು.

ವ್ಯಾಯಾಮ ಹೇಳಿಕೊಡುವಾಕೆ ಇದನ್ನು ಗಮನಿಸಿ ನನ್ನನ್ನು ಬದಿಗೆ ಕರೆದಳು. "ಅವಳು ಕೇಳಬೇಕಾದ್ದನ್ನ ನೀವು ಕೇಳ್ಬೇಡಿ. ಅವಳ ಬಾಯಿಗೆ ಬರೋವರೆಗೂ ಕಾಯಿರಿ. ಮಂಡಿದು ಅವಳ ವ್ಯಾಯಾಮ, ಸುಮ್ನಿರೋದು ನಿಮ್ಮ ವ್ಯಾಯಾಮ," ಎಂದಳು.

ಎಂಥ ವ್ಯಾಯಾಮ. ಬೆಳಗಿಂದ ಸಂಜೆವರೆಗೆ ಪೆಟ್ಟಿಗೆ ಹೊತ್ತರೂ ನನಗೆ ಅಷ್ಟು ಸುಸ್ತಾಗುವುದಿಲ್ಲ.

ಆದರೂ ಒಂದು ಸಂಗತಿಯನ್ನು ಅವಳು ತಾನಾಗಿಯೇ ಸಾಧಿಸಿಕೊಂಡಿದ್ದಳು. ಗಾಡಿ ಹತ್ತುವುದು. ಖಾಲಿ ಜೇನುಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ನಿಲ್ಲುವುದು, ಸೀಟಿಗೆ ಬೆನ್ನು ಮಾಡುವುದು, ಎರಡೂ ಅಂಗೈ ಹಿಂದಕ್ಕೆ ಊರಿ, ಒಳ್ಳೆಯ ಕಾಲಿನ ತುದಿಬೆರಳ ಮೇಲೆ ಎದ್ದು ಅಂಚಿಗೆ ಕೂರುವುದು. ಆಮೇಲೆ ಮಡಚದ ಕಾಲನ್ನು ಎರಡು ಕೈಯಿಂದ ಎತ್ತಿ ಒಳಗೆ ತಂದುಕೊಳ್ಳುವುದು. ಎಷ್ಟು ಸಲ ಜಾರಿದಳೋ. ಯಾರೂ ಮುಟ್ಟುವಂತಿಲ್ಲ, ಕೈ ಚಾಚಿದರೆ ಕಣ್ಣಲ್ಲೇ ಗದರುತ್ತಿದ್ದಳು. ಮೊದಲ ಸಲ ಕೂತಾಗ ಆ ಮುಖ ನೋಡಬೇಕಿತ್ತು. ಬೇರೆಲ್ಲದಕ್ಕೂ ಅಮ್ಮನ ಕೈ ಬೇಕಾಗಿದ್ದ ದಿನಗಳಲ್ಲಿ ಅದೊಂದೇ ಅವಳದು ಎನ್ನುವಂಥದ್ದು. ಅದೂ ತುದಿಬೆರಳಿನ ಆಸರೆಯಲ್ಲಿ ನಿಂತಿತ್ತು. ಗಾಡಿ ಇನ್ನೊಂದಿಷ್ಟು ಎತ್ತರವಾದರೆ ಹೋಯಿತು.

ಅಂಗಳದಲ್ಲಿ ಅಂಗೈಯಿಂದ ಅಳೆದು ನಿಂತವಳಿಗೆ ಅದು ಗೊತ್ತಾಗಿತ್ತು. ಕೇಳಲು ಬಾಯಿ ಬರುತ್ತಿರಲಿಲ್ಲ. ಎತ್ತರದಿಂದಲೇ ಉಳಿದವಳು ಎತ್ತರ ಬೇಡ ಎನ್ನುವುದು ಹೇಗೆ ಎಂದು ಅವಳ ಲೆಕ್ಕ ಇದ್ದಿರಬೇಕು. ಅಪ್ಪನ ಖುಷಿಗೆ ಅಡ್ಡ ಬರುವುದು ಬೇರೆ.

ನಾನು ಇವರಿಗೆ ಹೇಳಿಬಿಡಬಹುದಿತ್ತು. ಒಂದು ಮಾತು ಸಾಕಿತ್ತು. ಬಿಚ್ಚಿಟ್ಟ ಕಾಲಿಡುವ ಪಟ್ಟಿಯನ್ನೋ ಮತ್ತೊಂದನ್ನೋ ಸಂಜೆಯೊಳಗೆ ಕಟ್ಟಿಬಿಡುತ್ತಿದ್ದರು. ಒಲೆಯ ಮುಂದೆ ನಿಂತು ಎರಡು ಸಲ ಬಾಯಿ ತೆರೆದೆ, ಎರಡು ಸಲವೂ ಕಾಫಿ ಸೋಸುವ ನೆಪದಲ್ಲಿ ಮುಚ್ಚಿದೆ. ಇದು ಅವಳ ಮಾತು, ನಾನು ಕಿತ್ತುಕೊಳ್ಳಬಾರದು. ಟೈರು ಹಾಕಿಸಿ ಮನೆಗೆ ಬಂದ ಮೇಲೂ ಅವಳು ಕೇಳದಿದ್ದರೆ ಆಗ ನಾನೇ ಮಾತು ಎತ್ತಿದರಾಯಿತು, ಅಲ್ಲಿಯವರೆಗೆ ಅವಳಿಗೆ ಬಿಡೋಣ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡೆ.

ತಿಂಡಿ ಮುಗಿಸಿ ಮೂವರೂ ಹೊರಟೆವು. ಮೇಸ್ತ್ರಿ ಖಾಲಿ ಪೆಟ್ಟಿಗೆಯ ಮೇಲೆ ನಿಂತು ತಾನೇ ಹತ್ತಿ ನಮ್ಮಿಬ್ಬರ ನಡುವೆ ಕೂತಳು. ದಾರಿಯುದ್ದಕ್ಕೂ ಇವರದು ಟೈರಿನ ಮಾತು. ಅವಳು ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಕೇಳಿಸಿಕೊಳ್ಳುತ್ತಿದ್ದಳು.

ಟೈರಿನ ಅಂಗಡಿ ಉದ್ದನೆಯ ಶೆಡ್ಡು. ಒಳಗೆ ಕಾಲಿಟ್ಟರೆ ರಬ್ಬರಿನ ವಾಸನೆ ಗಂಟಲಿಗೇ ಇಳಿಯುತ್ತದೆ. ಗೋಡೆಯುದ್ದಕ್ಕೂ ಟೈರಿನ ಕಂಬಗಳು. ಮೂಲೆಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಏದುಸಿರು ಬಿಡುತ್ತಿತ್ತು. ಅಂಗಡಿಯನ್ನು ನಡೆಸುವುದು ಒಬ್ಬ ಹೆಂಗಸು, ಎಲ್ಲರಿಗೂ ಅಕ್ಕ. ನನಗಿಂತ ಎಷ್ಟೋ ವರ್ಷ ದೊಡ್ಡವರು. ಮೊಣಕೈವರೆಗೂ ಕಪ್ಪು, ಮುಡಿಯಲ್ಲಿ ಹೂವಿನ ಜಾಗದಲ್ಲಿ ಸೀಮೆಸುಣ್ಣ.

ಅಕ್ಕ ಮೊದಲು ಸೈಜು ಕೇಳಲಿಲ್ಲ. ಗಾಡಿ ಎಲ್ಲಿ ಓಡುತ್ತದೆ, ಟಾರು ಎಷ್ಟು, ಮಣ್ಣು ಎಷ್ಟು, ಹೊರೆ ಏನು ಎಂದು ಕೇಳಿದರು. ಹೊರೆ ಜೇನು ಎಂದಾಗ ಒಮ್ಮೆ ಗಾಡಿಯ ಹಿಂಬದಿಗೆ ಇಣುಕಿದರು.

"ಇವತ್ತು ಖಾಲಿ ತಾನೆ? ಹೊರೆನೇ ಕಚ್ಚೋ ಗಾಡಿ ಇದೇ ಮೊದಲು ನೋಡ್ತಿರೋದು ನಾನು," ಎಂದರು.

ಇವರು ಮೈದುನ ಹೇಳಿದ್ದ ಕೆಸರಿನ ಟೈರನ್ನು ತೋರಿಸಿದರು. ಅದರ ಹಲ್ಲುಗಳು ಒಂದೊಂದೂ ನನ್ನ ಮುಷ್ಟಿಯಷ್ಟಿದ್ದವು. ಕೆಸರಿಗೆ ಇದಕ್ಕಿಂತ ಬೇರೆ ಇಲ್ಲ, ಆದರೆ ಟಾರಿನ ಮೇಲೆ ಊರೆಲ್ಲ ಕೇಳುವಂತೆ ಗುಂಯ್‌ಗುಡುತ್ತದೆ, ಗಾಡಿಯೂ ನಡುಗುತ್ತದೆ ಎಂದರು ಅಕ್ಕ. ಇವರು ನನ್ನ ಕಡೆ ನೋಡಿದರು. ಪೆಟ್ಟಿಗೆ ಸಾಗಿಸುವಾಗ ಹಿಂದಿನ ಹಲಗೆಗೆ ಕಿವಿ ಇಟ್ಟು ಹುಳುಗಳ ದನಿ ಕೇಳುವುದು ನನ್ನ ಕೆಲಸ. ದನಿ ಏರಿದರೆ ಗಾಡಿ ನಿಲ್ಲಿಸಿ ಅವುಗಳನ್ನು ತಣಿಯಲು ಬಿಡಬೇಕು. "ನಮ್ಮ ಹೊರೆನೇ ಗುಂಯ್ ಅನ್ನುತ್ತೆ ಅಕ್ಕ, ಅದರ ಜೊತೆ ಟೈರೂ ಶುರು ಮಾಡಿದ್ರೆ ನನಗೆ ಯಾರ ದನಿ ಅಂತ ಗೊತ್ತಾಗಬೇಕಲ್ಲ," ಎಂದೆ. ಅಲ್ಲಿಗೆ ಕೆಸರಿನ ಟೈರು ಗೋಡೆಗೆ ಮರಳಿತು.

ಅಕ್ಕ ಇನ್ನೊಂದನ್ನು ಉರುಳಿಸಿಕೊಂಡು ಬಂದರು. ಆಲ್ ಟೆರೇನ್ ಟೈರು, ಟಾರಿಗೂ ಸೈ, ಮಣ್ಣಿಗೂ ಸೈ. ಹಲ್ಲುಗಳು ಒತ್ತೊತ್ತಾಗಿ, ಒಂದರೊಳಗೊಂದು ಕೂತಂತಿದ್ದವು. ಬದಿಯೂ ದಪ್ಪ, ಚೂಪು ಕಲ್ಲಿಗೆ ಬೇಗ ಸೀಳುವುದಿಲ್ಲ. ಇದರಲ್ಲೇ ಎರಡು ಅಳತೆ ಇದ್ದವು, ಮೂವತ್ತೊಂದು ಇಂಚು ಮತ್ತು ಮೂವತ್ತಮೂರು. ನಮ್ಮ ಹಳೆಯದು ಇಪ್ಪತ್ತೊಂಬತ್ತು. ಇವರ ಕೈ ಆಗಲೇ ಮೂವತ್ತಮೂರರ ಹೆಗಲ ಮೇಲಿತ್ತು.

ದೊಡ್ಡದು ಭಾರ, ಬ್ರೇಕು ಹಿಡಿಯುವುದು ತುಸು ತಡ, ಎಂಜಿನ್ ಏದುಸಿರು ಬಿಡುತ್ತದೆ ಎಂದರು ಅಕ್ಕ. ತಾನು ಬೆಳಿಗ್ಗೆಯೇ ಅಳೆದಿದ್ದೇನೆ, ಜಾಗ ಸಾಕು ಎಂದರು ಇವರು.

"ಖಾಲಿ ಗಾಡೀಲಿ ಅಳೆದ್ರಾ, ತುಂಬಿದ ಗಾಡೀಲಾ?"

ಇವರು ತಲೆ ಕೆರೆದುಕೊಂಡರು. ಅಕ್ಕ ನಕ್ಕರು, ನನಗೂ ನಗು ತಡೆಯಲಾಗಲಿಲ್ಲ. ಹುಳುಗಳ ಚಿಂತೆಯಲ್ಲಿ ಹುಳುಗಳ ತೂಕವನ್ನೇ ಮರೆತಿದ್ದರು. ಹೊರೆ ಬಿದ್ದರೆ ಗಾಡಿ ಕೂರುತ್ತದೆ, ಟೈರು ಮಡ್‌ಗಾರ್ಡಿಗೆ ಉಜ್ಜಬಹುದು. ಮುಂದಿನ ಎರಡನ್ನು ಹಾಕಿ ನೋಡೋಣ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿದರೆ ಗೊತ್ತಾಗುತ್ತದೆ, ಉಜ್ಜಿದರೆ ಮೂವತ್ತೊಂದು ಎಂದು ಅಕ್ಕ ತೀರ್ಮಾನ ಕೊಟ್ಟರು.

ಜ್ಯಾಕಿನ ಮೇಲೆ ಗಾಡಿಯ ಮೂತಿ ಮೇಲೇಳತೊಡಗಿತು. ಮೇಸ್ತ್ರಿ ಒಂದು ಟೈರಿನ ರಾಶಿಗೆ ಒರಗಿ ಅದನ್ನೇ ನೋಡುತ್ತಿದ್ದಳು.

ಟೈರು ಇಷ್ಟು ದೊಡ್ಡದಾದರೆ ಗಾಡಿಯೂ ಅಷ್ಟೇ ಏರುತ್ತದೆಯೇ ಎಂದು ನಾನು ಸುಮ್ಮನೆ ಕೇಳಿದೆ. ಇಲ್ಲ, ಅದರ ಅರ್ಧ, ನಾಲ್ಕು ಇಂಚು ಬೆಳೆದರೆ ಗಾಡಿ ಎರಡು ಏರುತ್ತದೆ ಎಂದರು ಅಕ್ಕ. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ, ಇದೂ ಅವಳ ಪ್ರಶ್ನೆಯ ಬಾಲವೇ. ಮೇಸ್ತ್ರಿಯ ಬಾಯಿಂದ ಜಡೆ ಜಾರಿತು. ಎರಡು ಬೆರಳು ಜೋಡಿಸಿ ತನ್ನ ಸೊಂಟದ ಮೇಲೆ ಅಡ್ಡ ಇಟ್ಟುಕೊಂಡು ನೋಡಿದಳು.

ಗಾಡಿ ಕೆಳಗಿಳಿಯಿತು. ದೊಡ್ಡ ಟೈರುಗಳ ಮೇಲೆ ನಿಂತ ಅದನ್ನು ನೋಡಿ ಇವರು ಎರಡು ಹೆಜ್ಜೆ ಹಿಂದೆ ಸರಿದು ಸೊಂಟಕ್ಕೆ ಕೈ ಕೊಟ್ಟುಕೊಂಡರು. ಚೆನ್ನಾಗಿತ್ತು. ಸುಳ್ಳೇಕೆ ಹೇಳಲಿ, ನನಗೂ ಎದೆ ತುಂಬಿತು. ಆ ಹಳ್ಳಕ್ಕೆ ಇನ್ನೊಮ್ಮೆ ಇಳಿಯಬೇಕಾದರೆ ಇಂಥ ಕಾಲುಗಳೇ ಇರಲಿ ಎನ್ನಿಸಿತು.

ಇವರು ಗಾಡಿಯ ಹಿಂದಿನಿಂದ ಖಾಲಿ ಪೆಟ್ಟಿಗೆಯನ್ನು ಇಳಿಸಿ ಬಾಗಿಲ ಬಳಿ ಬೋರಲು ಹಾಕಿದರು. ಮಗಳಿಗೆ ದೊಡ್ಡ ಮರ್ಯಾದೆ ಕೊಡುವ ದನಿಯಲ್ಲಿ ಕರೆದರು.

"ಬಾ ಮೇಸ್ತ್ರಿ, ಹತ್ತು. ಸ್ಟೀರಿಂಗ್ ನೀನೇ ತಿರುಗಿಸು. ನಾನು ಕೆಳಗೆ ಕೂತು ನೋಡ್ತೀನಿ."

ಅವಳು ಬಂದಳು. ಪೆಟ್ಟಿಗೆಯ ಮೇಲೆ ನಿಂತಳು. ಸೀಟಿಗೆ ಬೆನ್ನು ಮಾಡಿ ಅಂಗೈಗಳನ್ನು ಹಿಂದಕ್ಕೆ ಊರಿದಳು. ತುದಿಬೆರಳ ಮೇಲೆ ಎದ್ದಳು. ಸೀಟಿನ ಅಂಚು ಅವಳ ಬೆನ್ನಿಗೆ ಒತ್ತಿತೇ ಹೊರತು ಕೆಳಗೆ ಬರಲಿಲ್ಲ. ಉಸಿರು ಬಿಗಿಹಿಡಿದು ಮತ್ತೆ ಎದ್ದಳು. ಅಂಗೈ ಜಾರಿತು, ಒಳ್ಳೆಯ ಕಾಲು ನಡುಗಿತು. ಬಾಗಿಲನ್ನು ಹಿಡಿದು ನಿಂತುಕೊಂಡಳು.

ಇವರು ಬಗ್ಗಿದ್ದವರು ಎದ್ದು ಎರಡೂ ಕೈ ಚಾಚಿದರು. ಬಾ ಕಂದ, ಎತ್ತಿ ಕೂರಿಸುತ್ತೇನೆ, ಇದೇನು ದೊಡ್ಡ ವಿಷಯ ಎಂದರು. ಅವಳು ತಲೆ ಅಲ್ಲಾಡಿಸಿದಳು. ಇವರ ಕೈ ಗಾಳಿಯಲ್ಲೇ ನಿಂತಿತು. ಏನೋ ತಪ್ಪಿದೆ ಎಂದು ಆಗ ಅವರಿಗೆ ತಿಳಿಯಿತು, ಏನೆಂದು ತಿಳಿಯಲಿಲ್ಲ. ನನ್ನ ಕಡೆ ನೋಡಿದರು.

ಮಗಳೂ ನನ್ನ ಕಡೆ ನೋಡಿದಳು. ಬಾಯಾರಿದಾಗ ನೋಡುವ ಅದೇ ನೋಟ. ಅಮ್ಮ, ನೀನು ಹೇಳು ಎನ್ನುವ ನೋಟ.

ಮಾತು ನನ್ನ ಹಲ್ಲಿನ ಹಿಂದೆಯೇ ಇತ್ತು. ಕೈಚೀಲದ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳ ನೋಟವನ್ನು ತಪ್ಪಿಸಲಿಲ್ಲ, ಹೇಳು ಎನ್ನುವಂತೆ ತಲೆಯನ್ನೂ ಆಡಿಸಲಿಲ್ಲ. ಇಲ್ಲೇ ಇದ್ದೇನೆ ಎನ್ನುವಂತೆ ನಿಂತೆ, ಅಷ್ಟೆ. ಇವರು ನನ್ನನ್ನು ನೋಡಿ, ಅವಳನ್ನು ನೋಡಿ, ಕೈಗಳನ್ನು ಮೆಲ್ಲಗೆ ಇಳಿಸಿದರು. ಅವಳ ಕಣ್ಣಿನ ಮಟ್ಟಕ್ಕೆ ಬರುವಂತೆ ನೆಲಕ್ಕೆ ಮಂಡಿಯೂರಿ ಕೂತರು. ಅಕ್ಕ ಏನನ್ನೂ ಕೇಳದೆ ಮೂಲೆಗೆ ಹೋಗಿ ಕಂಪ್ರೆಸರನ್ನು ಆರಿಸಿಬಿಟ್ಟರು. ಅವರ ಹೊಟ್ಟೆ ತಣ್ಣಗಿರಲಿ. ಇಷ್ಟು ಜನ ಒಂದು ಮಗುವಿನ ಮಾತಿಗಾಗಿ ಕೆಲಸ ನಿಲ್ಲಿಸಿ ನಿಂತಿದ್ದಾರಲ್ಲ ಎಂದು ನನ್ನ ಕಣ್ಣು ಮಂಜಾಯಿತು. ಅವಳು ಕೇಳದಿದ್ದರೂ ಸರಿ, ಇಷ್ಟು ಸಿಕ್ಕಿತಲ್ಲ ಎನ್ನಿಸಿತು.

ಅವಳು ಹೊಸ ಟೈರನ್ನು ನೋಡಿದಳು. ಕೈಯನ್ನು ಕೆಳಗೆ ಚಾಚಿ ಅದರ ಹಲ್ಲುಗಳನ್ನು ಒಂದು ಸಲ ಮುಟ್ಟಿದಳು.

"ಅಪ್ಪಾ, ಗಾಡಿ ಎತ್ತರ ಇದ್ದಿದ್ದಕ್ಕೇ ಅಲ್ವಾ ಅವತ್ತು ನಾವು ಹಳ್ಳ ದಾಟಿದ್ದು."

"ಹೌದು ಕಂದ."

ಅವಳು ಬಾಗಿಲಿನ ಹಿಡಿತ ಬಿಟ್ಟು, ಪೆಟ್ಟಿಗೆಯ ಮೇಲೆ ನೆಟ್ಟಗೆ ನಿಂತಳು. ದನಿ ಮೊದಲು ಒಡೆಯಿತು, ಆಮೇಲೆ ಶೆಡ್ಡಿನ ಆ ತುದಿಗೂ ಕೇಳುವಷ್ಟು ಸ್ಪಷ್ಟವಾಗಿ ಬಂತು.

"ಹಾಗಾದ್ರೆ ಗಾಡಿ ಎತ್ತರಾನೇ ಇರ್ಲಿ. ಆದ್ರೆ ನಾನು, ಯಾರೂ ಎತ್ತದೆ, ನಾನೇ ಹತ್ತೋದು ಹೇಗಪ್ಪಾ?"